ಹನ್ನೊಂದು ತಿಂಗಳ ಮೇಸ್ತ್ರಿ

ಹಾರವನ್ನು ಕಾಂಪೌಂಡ್ ಗೋಡೆಯ ಮೇಲೆ ಇಟ್ಟರು.

ಎಂಬತ್ತೆರಡನೇ ಇಸವಿಯ ಜನವರಿ ಇಪ್ಪತ್ತಾರು. ಬಾವುಟ ಹಾರಿಸಿ ಆಗಿತ್ತು. ಬೂಂದಿ ಹಂಚಿ ಆಗಿತ್ತು. ಬಡಾವಣೆಯ ಸಂಘದ ಸೆಕ್ರೆಟರಿ ಬದರಿನಾಥರು, "ಗೋವಿಂದಮ್ಮ, ಮುಂದೆ ಬಾ" ಎಂದು ಕರೆದರು. ಅವಳು ಕಚೇರಿಯ ಗೇಟಿನ ಹೊರಗೆ, ಕಸ ಗುಡಿಸುವ ಉಳಿದ ಹತ್ತು ಮಂದಿಯ ಜೊತೆ ನಿಂತಿದ್ದಳು. ಮುಂದೆ ಬಂದಳು. ಬದರಿನಾಥರು ಸೇವಂತಿಗೆ ಹಾರವನ್ನು ಎರಡೂ ಕೈಯಲ್ಲಿ ಎತ್ತಿದರು. ಅವಳು ತಲೆ ಬಗ್ಗಿಸಿದಳು. ಬಗ್ಗಿಸಿದ ತಲೆ ಹಾಗೇ ಇತ್ತು. ಕೊರಳಿಗೆ ಏನೂ ಬೀಳಲಿಲ್ಲ. ಕಣ್ಣೆತ್ತಿದಾಗ ಹಾರ ಗೋಡೆಯ ಮೇಲಿತ್ತು. ಬದರಿನಾಥರು ಒಂದು ಹೆಜ್ಜೆ ಹಿಂದೆ ಸರಿದಿದ್ದರು.

"ಹಾಕ್ಕೊಳಮ್ಮ. ನೀನೇ ಹಾಕ್ಕೊ," ಎಂದರು. ನಗುತ್ತಲೇ ಎಂದರು.

ಅವಳು ಹಾಕಿಕೊಂಡಳು. ಸದಸ್ಯರು ಚಪ್ಪಾಳೆ ತಟ್ಟಿದರು.

"ನಮ್ಮ ಬಡಾವಣೆಯಲ್ಲಿ ಮೊಟ್ಟಮೊದಲ ಬಾರಿಗೆ ಒಬ್ಬ ಹರಿಜನ ಹೆಣ್ಣುಮಗಳು ಮೇಸ್ತ್ರಿ ಆಗ್ತಾ ಇದ್ದಾಳೆ," ಬದರಿನಾಥರು ಭಾಷಣ ಮಾಡಿದರು. "ಇದು ಪ್ರಮೋಷನ್. ನಾನೂ ಗುಮಾಸ್ತನಾಗಿ ಸೇರಿದವನು. ಸೂಪರಿಂಟೆಂಡೆಂಟ್ ಆಗಿ ರಿಟೈರ್ ಆದೆ. ಶ್ರದ್ಧೆ ಇದ್ರೆ ಯಾರು ಬೇಕಾದ್ರೂ ಮೇಲೆ ಬರಬಹುದು."

ಗೋವಿಂದಮ್ಮ ತಿರುಗಿ ತನ್ನವರ ಸಾಲಿಗೆ ಬಂದು ನಿಂತಾಗ, ಎಲ್ಲರಿಗಿಂತ ಹಿರಿಯಳಾದ ಮಾರಮ್ಮ ಎಲೆಅಡಿಕೆಯನ್ನು ಒಂದು ದವಡೆಗೆ ತಳ್ಳಿ ಕೇಳಿದಳು.

"ಅಲ್ಲ ಕಣಮ್ಮಿ, ನಿನ್ ಮದ್ವೇಲೂ ಪಿಳ್ಳಪ್ಪ ಇಂಗೇ ಗೋಡೆ ಮ್ಯಾಲ್ ಮಡಗಿದ್ನಾ?"

ಸಾಲು ನಕ್ಕಿತು. ಗೋವಿಂದಮ್ಮನೂ ನಕ್ಕಳು. ಗಂಡ ಪಿಳ್ಳಪ್ಪ ಬಾವಿ ತೋಡುವಾಗ ಮಣ್ಣು ಕುಸಿದು ಸತ್ತು ನಾಲ್ಕು ವರ್ಷವಾಗಿತ್ತು. ಅವನ ಹೆಸರಿಗೆ ನಗುವುದು ಈಗ ಅವಳಿಗೆ ಬರುತ್ತಿತ್ತು.

ಆ ಬಡಾವಣೆ ಜೆ.ಪಿ. ನಗರದ ಆಚೆ, ಬಿಳೇಕಹಳ್ಳಿಯ ಕಡೆಗೆ ಇತ್ತು. ಸರ್ಕಾರಿ ನೌಕರರು ಸಂಘ ಕಟ್ಟಿಕೊಂಡು ಕೊಂಡ ನೆಲ. ಅದನ್ನು ಕಾರ್ಪೊರೇಷನ್ ಇನ್ನೂ ವಹಿಸಿಕೊಂಡಿರಲಿಲ್ಲವಾದ್ದರಿಂದ ನೀರು, ದೀಪ, ಕಸ ಎಲ್ಲ ಸಂಘದ್ದೇ. ಹತ್ತು ವರ್ಷದ ಹಿಂದೆ ಅಲ್ಲಿ ರಾಗಿ ಬೆಳೆಯುತ್ತಿತ್ತು. ಹೊಲ ಗೌಡರದು. ಕಳೆ ಕೀಳುತ್ತಿದ್ದವರು ಹರಿಜನ ಕಾಲೋನಿಯವರು. ಹೊಲ ಹೋದಾಗ ಪಹಣಿಯಲ್ಲಿ ಹೆಸರಿದ್ದವರಿಗೆ ಪರಿಹಾರ ಬಂತು. ಕಳೆ ಕಿತ್ತವರಿಗೆ ಪೊರಕೆ ಬಂತು. ಗೋವಿಂದಮ್ಮ ಗುಡಿಸುತ್ತಿದ್ದ ಆರನೇ ಕ್ರಾಸಿನಲ್ಲಿ ಅವಳ ತಾಯಿ ಒಂದು ಕಾಲಕ್ಕೆ ಬಗ್ಗಿ ಕಳೆ ಕಿತ್ತಿದ್ದಳು. ತಾಯಿಯ ಬೆನ್ನು ಯಾವ ಜಾಗದಲ್ಲಿ ಬಗ್ಗುತ್ತಿತ್ತೋ ಮಗಳ ಬೆನ್ನೂ ಅಲ್ಲೇ ಬಗ್ಗುತ್ತಿತ್ತು.

ಮೇಸ್ತ್ರಿಯಾಗಿದ್ದ ಚಿಕ್ಕಬೈರಪ್ಪ ಆ ಗೌಡರ ಮನೆಯವನೇ. ಮಂಡಿನೋವು ಎಂದು ಬಿಟ್ಟ. ಹನ್ನೊಂದು ಮಂದಿಯಲ್ಲಿ ಓದು ಬರಹ ಬರುತ್ತಿದ್ದುದು ಗೋವಿಂದಮ್ಮನಿಗೆ ಮಾತ್ರ. ನಾಲ್ಕನೇ ಕ್ಲಾಸು. ಬದರಿನಾಥರು ಅವಳನ್ನು ಕರೆದು, "ನಿಭಾಯಿಸ್ತೀಯಾ?" ಎಂದು ಕೇಳಿದ್ದರು. ಅವಳು ತಲೆಯಾಡಿಸಿದ್ದಳು.

ಎಷ್ಟು ಎಂದು ಕೇಳಲಿಲ್ಲ.

ಕೇಳುವುದು ಅವರ ಕೇರಿಯಲ್ಲಿ ಯಾರಿಗೂ ಅಭ್ಯಾಸವಿರಲಿಲ್ಲ. ಕಣದಲ್ಲಿ ಗೌಡರು ರಾಗಿ ಅಳೆಯುವಾಗ ಸೆರಗು ಒಡ್ಡಿ ನಿಲ್ಲಬೇಕು. ಮುಖ ಪಕ್ಕಕ್ಕೆ ತಿರುಗಿಸಬೇಕು. ಬಿದ್ದಷ್ಟು ಕಟ್ಟಿಕೊಂಡು ಹೋಗಬೇಕು. ಎಷ್ಟು ಸೇರು ಎಂದು ಕೇಳಿದವನನ್ನು ಮುಂದಿನ ಸುಗ್ಗಿಗೆ ಕರೆಯುತ್ತಿರಲಿಲ್ಲ. ಕಣ ಹೋಯಿತು, ರಾಗಿ ಹೋಯಿತು. ಮುಖ ತಿರುಗಿಸುವುದು ಉಳಿಯಿತು. ಮೇಸ್ತ್ರಿ ಎಂದಮೇಲೆ ಸಂಬಳ ಜಾಸ್ತಿ ಇದ್ದೇ ಇರುತ್ತದೆ ಎಂದು ಗೋವಿಂದಮ್ಮ ಅಂದುಕೊಂಡಳು. ತಲೆಯ ಮೇಲೆ ಕಸದ ಮಂಕರಿ ಹೊರುವುದು ತಪ್ಪುತ್ತದೆ ಎಂದೂ ಅಂದುಕೊಂಡಳು. ಅವಳ ಬಲಭುಜ ಎರಡು ವರ್ಷದಿಂದ ಮೇಲೆ ಏಳುತ್ತಿರಲಿಲ್ಲ. ಜಡೆ ಹಾಕಿಕೊಳ್ಳಲು ಮಗಳು ಬೇಕಾಗಿತ್ತು.

ಎರಡೂ ಸುಳ್ಳಾಯಿತು.

ಹನ್ನೊಂದು ಬೀದಿ, ಹನ್ನೊಂದು ಜನ. ಅವಳ ಬೀದಿಗೆ ಬೇರೆಯವರನ್ನು ಹಾಕಲಿಲ್ಲ. ಬೆಳಿಗ್ಗೆ ಆರಕ್ಕೆ, ಪಂಪ್‌ಮನೆಯ ಗಡಿಯಾರ ನೋಡಿ, ನೀರಿನ ಟ್ಯಾಂಕಿನ ಹತ್ತಿರ ನಿಂತು ಸೀಟಿ ಊದಬೇಕು. ಹಾಜರಿ ಬರೆಯಬೇಕು. ಬೀದಿ ಹಂಚಬೇಕು. ಆಮೇಲೆ ಓಡಿಹೋಗಿ ತನ್ನ ಬೀದಿ ಗುಡಿಸಬೇಕು. ಮಧ್ಯಾಹ್ನ ಹನ್ನೊಂದೂ ಬೀದಿ ತಿರುಗಿ ನೋಡಬೇಕು. ಯಾರ ಮನೆ ಮುಂದೆ ಎಲೆ ಬಿದ್ದಿದ್ದರೂ ಅವಳೇ ಹೊಣೆ. ಮೊದಲು ಒಂದು ಬೀದಿಯವರು ಬೈಯುತ್ತಿದ್ದರು. ಈಗ ಇಡೀ ಬಡಾವಣೆ ಬೈಯುತ್ತಿತ್ತು. ಬೈಗುಳಕ್ಕೆ ಮಾತ್ರ ಬಡ್ತಿ ಸಿಕ್ಕಿತ್ತು.

"ಏನೇ ಮೇಸ್ತ್ರಿ, ನಮ್ಮ ಸಂಪ್‌ನಲ್ಲಿ ಹೆಗ್ಗಣ ಸತ್ತು ಬಿದ್ದಿದೆ. ನಿಮ್ಮೋರು ಯಾರೂ ಬರಲ್ಲ ಅಂತಾರೆ. ಹಾಗಾದ್ರೆ ನೀನು ಇರೋದು ಯಾತಕ್ಕೆ?" ಎಂದು ಒಬ್ಬ ಮನೆಯಾಕೆ ಗೇಟಿನಿಂದ ಕೂಗಿದಳು.

ಹೆಗ್ಗಣವನ್ನು ಅವಳೇ ತೆಗೆದಳು. ಬಾಲ ಹಿಡಿದರೆ ಬಾಲ ಕೈಗೆ ಬಂತು. ಮೈ ನೀರಿನಲ್ಲೇ ಉಳಿಯಿತು. ಬಗ್ಗಿ ಬೊಗಸೆಯಲ್ಲಿ ಎತ್ತಿದಳು. ಕೈ ತೊಳೆಯಲು ಆ ಮನೆಯವರು ದೂರದಿಂದ ನೀರು ಸುರಿದರು.

ಬಟವಾಡೆ ದಿನ ಕಚೇರಿಯ ಕಿಟಕಿಯಲ್ಲಿ ಹೆಸರು ಕರೆದು ದುಡ್ಡು ಕೊಡುತ್ತಿದ್ದರು. ಕಸದವರು ಯಾರೂ ಒಳಗೆ ಹೋಗುವ ಹಾಗಿರಲಿಲ್ಲ. ಚಿಕ್ಕಬೈರಪ್ಪ ಇದ್ದಾಗ ಅವನು ಒಳಗೆ ಹೋಗಿ ಬರುತ್ತಿದ್ದ. ಗೋವಿಂದಮ್ಮನ ಹೆಸರನ್ನು ಕಿಟಕಿಯಲ್ಲೇ ಕರೆದರು. ದಿನಕ್ಕೆ ಏಳು ರೂಪಾಯಿ. ಹೋದ ತಿಂಗಳೂ ಏಳು. ಅದರ ಹಿಂದಿನ ತಿಂಗಳೂ ಏಳು. ಮರೆತಿರಬೇಕು ಎಂದುಕೊಂಡಳು. ಮುಂದಿನ ತಿಂಗಳೂ ಮರೆತರು.

ಅವಳು ಚಿಕ್ಕಬೈರಪ್ಪನ ಮನೆಗೆ ಹೋಗಿ ಹಿತ್ತಲ ಬಾಗಿಲಲ್ಲಿ ನಿಂತಳು. ಅವನು ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ.

"ಬುದ್ಧೀ, ಮೇಸ್ತ್ರಿಗೆ ಸಂಬ್ಳ ಬ್ಯಾರೆ ಇಲ್ವಾ?"

"ಸಂಬ್ಳನಾ?" ಅವನು ನಕ್ಕ. "ಸಂಬ್ಳ ಎಲ್ಲಿಂದ ಬಂತಮ್ಮ? ನಂಗೇನು ಕೊಡ್ತಿದ್ರಾ? ಸೀಟಿ ಕೊಟ್ಟವ್ರೆ, ಪೆನ್ನು ಕೊಟ್ಟವ್ರೆ. ಅದ್ರಾಗೇ ಉಣ್ಬೇಕು. ಬಟವಾಡೆ ದಿನ ಸುಮ್ನೆ ಆ ಟ್ಯಾಂಕ್ ತಾವ ನಿಂತ್ಕೊ. ತಂದು ಕೊಡ್ತಾರೆ."

"ಕೊಡ್ದೇ ಹೋದ್ರೆ?"

"ಪೆನ್ನು ಯಾರ ಕೈಲಿರೋದು?"

ಅವಳಿಗೆ ಗೊತ್ತಿತ್ತು. ಅವಳೂ ಏಳು ವರ್ಷ ಅವನಿಗೆ ತಿಂಗಳಿಗೆ ಎರಡು ರೂಪಾಯಿ ಕೊಟ್ಟಿದ್ದಳು.

ಪೆನ್ನಿನ ಕಥೆ ಹೀಗೆ. ಸೀಟಿ ಊದಿ ಐದು ನಿಮಿಷ ಕಳೆದ ಮೇಲೆ ಬಂದವರಿಗೆ ಗೈರು ಹಾಕಬೇಕು. ಗೈರು ಹಾಕಿದರೆ ಆ ದಿನದ ಕೂಲಿ ಇಲ್ಲ. ಆದರೂ ಅವರು ದಿನವಿಡೀ ಕೆಲಸ ಮಾಡಬೇಕು. ಮಾಡದೆ ಮನೆಗೆ ಹೋದರೆ ನಾಳೆಯಿಂದ ಬರುವುದೇ ಬೇಡ. ಕಾಲೋನಿಯಲ್ಲಿ ಗಡಿಯಾರವಿರಲಿಲ್ಲ. ಕತ್ತಲೆ ಹರಿಯುವಾಗ ಎದ್ದು ಎರಡು ಮೈಲಿ ನಡೆದು ಬರಬೇಕು. ಮಗುವಿಗೆ ಜ್ವರ ಬಂದಿದ್ದರೆ, ಕೊಳಾಯಿಯಲ್ಲಿ ನೀರು ತಡವಾಗಿದ್ದರೆ, ಆರೂ ಐದು ದಾಟುತ್ತಿತ್ತು. ಮೇಸ್ತ್ರಿಗೆ ಎರಡು ರೂಪಾಯಿ ಕೊಟ್ಟವರಿಗೆ ಆರೂ ಹತ್ತೂ ಆರೇ ಗಂಟೆ.

ಆ ತಿಂಗಳ ಬಟವಾಡೆಯ ದಿನ ಗೋವಿಂದಮ್ಮ ಟ್ಯಾಂಕಿನ ಹತ್ತಿರ ನಿಂತಳು. ಬೇರೆ ಕಡೆ ನಿಲ್ಲಬಹುದಿತ್ತು. ಅಲ್ಲೇ ನಿಂತಳು. ಒಬ್ಬೊಬ್ಬರೇ ಬಂದರು. ಮಾರಮ್ಮ ಎರಡು ರೂಪಾಯಿ ನೋಟನ್ನು ಅವಳ ಕೈಯಲ್ಲಿ ಇಟ್ಟು, "ತಕಳಿ ಮೇಸ್ತ್ರಿ ಅಮ್ನೋರೇ" ಎಂದಳು. ಅಮ್ಮಿ ಎನ್ನಲಿಲ್ಲ. ಚರಂಡಿ ಕೆಲಸದ ಹನುಮಯ್ಯ ಕೊಟ್ಟ. ಎಲ್ಲರಿಗಿಂತ ಚಿಕ್ಕವಳಾದ ಸಪ್ಪಲಮ್ಮ ಕೊಟ್ಟಳು. ಇಪ್ಪತ್ತು ರೂಪಾಯಿ ಆಯಿತು. ಅವಳು ಕೈ ಮುಚ್ಚಿದಳು.

ಆ ದುಡ್ಡಿನಲ್ಲಿ ಮಗಳಿಗೆ ಒಂದು ಜ್ಯಾಮಿಟ್ರಿ ಬಾಕ್ಸು, ಅರ್ಧ ಕೇಜಿ ಮಾಂಸ ತಂದಳು. ಮಗಳು ಎಂಟನೇ ಕ್ಲಾಸು.

"ಸಂಬ್ಳ ಜಾಸ್ತಿ ಮಾಡಿದ್ರಾ ಅಮ್ಮ?"

"ಊಂ."

"ಎಷ್ಟು?"

"ಉಣ್ಣು ಸುಮ್ನೆ."

ಆರು ತಿಂಗಳು ಹೀಗೇ ಹೋಯಿತು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆರು ತಿಂಗಳು ಗೋವಿಂದಮ್ಮ ತನ್ನವರ ಕೈಯಿಂದ ದುಡ್ಡು ತೆಗೆದುಕೊಂಡಳು. ಕಡಿಮೆ ಕೊಟ್ಟವರನ್ನು ನೆನಪಿಟ್ಟುಕೊಂಡಳು. ಒಮ್ಮೆ ಸಪ್ಪಲಮ್ಮ ಕೊಡಲಿಲ್ಲ. ಗಂಡ ಎಲ್ಲ ಕಿತ್ತುಕೊಂಡ ಎಂದಳು. ಆ ವಾರ ಅವಳು ಆರೂ ಎಂಟಕ್ಕೆ ಬಂದಳು. ಗೋವಿಂದಮ್ಮ ಗೈರು ಹಾಕಿದಳು. ಸಪ್ಪಲಮ್ಮ ಪುಸ್ತಕವನ್ನು ನೋಡಿದಳು. ಓದಲು ಬರುತ್ತಿರಲಿಲ್ಲ. ಪೆನ್ನು ಆಡಿದ ರೀತಿಯಲ್ಲೇ ಅವಳಿಗೆ ತಿಳಿಯಿತು. ಪೊರಕೆ ಎತ್ತಿಕೊಂಡು ಹೋಗಿ ಸಂಜೆಯವರೆಗೆ ಗುಡಿಸಿದಳು.

ಅವತ್ತು ಟ್ಯಾಂಕಿನ ಹತ್ತಿರ ಬುತ್ತಿ ಬಿಚ್ಚಿ ಕೂತಾಗ ಮಾರಮ್ಮ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ಚಿಕ್ಕಬೈರಪ್ಪ ತಿಂದ್ರೆ ಗೌಡ್ರ ಜಾತಿ, ತಿಂದ ಬುಡು ಅಂತಿದ್ವಿ. ಈಗ ಯಾರ್ನ ಅನ್ನನ? ನಮ್ ಮುದ್ದೇನ ನಮ್ಮ ಕೈಲೇ ಕಿತ್ಕೊಳೋ ಅಂಗ್ ಮಾಡವ್ರೆ ನೋಡು. ಬದರಿನಾಥಪ್ಪನ ಕೈಗೆ ಒಂಚೂರು ಮಸಿ ಅಂಟಿಲ್ಲ."

ಗೋವಿಂದಮ್ಮ ಕೈಯಲ್ಲಿದ್ದ ಮುದ್ದೆಯನ್ನು ಮತ್ತೆ ಬುತ್ತಿಗೆ ಹಾಕಿದಳು.

ಮುಂದಿನ ಬಟವಾಡೆಗೆ ಅವಳು ಟ್ಯಾಂಕಿನ ಹತ್ತಿರ ನಿಲ್ಲಲಿಲ್ಲ. ದುಡ್ಡು ತಂದವರಿಗೆ, "ಬ್ಯಾಡ, ಮಡಿಕೊ" ಎಂದಳು. ಯಾರೂ ನಂಬಲಿಲ್ಲ. ಹನುಮಯ್ಯ, "ಯಾಕಕ್ಕ, ಮೂರು ರೂಪಾಯ್ ಮಾಡ್ದಾ?" ಎಂದು ಕೇಳಿದ.

ಅಕ್ಟೋಬರಿನಲ್ಲಿ ಮಳೆ ಹಿಡಿಯಿತು. ಚರಂಡಿಗಳು ಕಟ್ಟಿಕೊಂಡವು. ಹೂಳು ಎತ್ತುವುದು ಆ ಬಡಾವಣೆಯಲ್ಲಿ ಎರಡು ದಿನದ ಕೆಲಸ. ಮೊದಲ ದಿನ ಗಂಡಸರು ಚರಂಡಿಗೆ ಇಳಿದು ಸನಿಕೆಯಲ್ಲಿ ಹೂಳು ಎತ್ತಿ ದಂಡೆಗೆ ಹಾಕುವರು. ಹೆಂಗಸರು ಅದನ್ನು ಪ್ರತಿ ಗೇಟಿನ ಪಕ್ಕ ಗುಡ್ಡೆ ಮಾಡುವರು. ನೀರು ಸೋರಿಹೋಗಲಿ ಎಂದು ಒಂದು ದಿನ ಬಿಡಬೇಕು. ಮಾರನೆಯ ದಿನ ಮಂಕರಿಗೆ ತುಂಬಿ ತಲೆಯ ಮೇಲೆ ಹೊತ್ತು ಕೆರೆಯ ಕಡೆ ಸುರಿದು ಬರಬೇಕು. ಎಷ್ಟು ಸೋರಿದ್ದರೂ ಹೊರುವಾಗ ಕರೀ ನೀರು ತಲೆಯ ಮೇಲಿನ ಬಟ್ಟೆಯ ಸಿಂಬೆ ನೆನೆಸಿ ಕಿವಿಯ ಹಿಂದೆ ಇಳಿಯುತ್ತದೆ. ಕಣ್ಣು ಮುಚ್ಚಿಕೊಂಡು ನಡೆಯಲಾಗದು. ತೆರೆದರೆ ಕಣ್ಣಿಗೆ ಇಳಿಯುತ್ತದೆ. ಏಳು ತಿಂಗಳ ಬಸುರಿ ಸಪ್ಪಲಮ್ಮ ಹೊತ್ತಳು. ಮೇಸ್ತ್ರಿ ಗೋವಿಂದಮ್ಮ ಹೊತ್ತಳು. ಎಡಗೈಯಲ್ಲಿ ಮಂಕರಿ ಹಿಡಿದು, ಏಳದ ಬಲಗೈಯನ್ನು ಸೊಂಟಕ್ಕೆ ಒತ್ತಿಕೊಂಡು ಹೊತ್ತಳು.

ಆ ತಿಂಗಳು ಬದರಿನಾಥರು ಅವಳನ್ನು ಕರೆದು ಹಾಜರಿ ಪುಸ್ತಕ ತಿರುವಿದರು.

"ಏನಮ್ಮ, ಗೈರು ಒಂದೂ ಇಲ್ಲ? ಚಿಕ್ಕಬೈರಪ್ಪನ ಕಾಲದಲ್ಲಿ ದಿನಕ್ಕೆ ಒಂದಾದ್ರೂ ಇರ್ತಿತ್ತು. ಸಂಘಕ್ಕೆ ಅಷ್ಟು ಉಳಿತಿತ್ತು."

"ಎಲ್ರೂ ಟೈಮಿಗೆ ಬರ್ತಾವ್ರೆ ಸಾರ್."

"ನಿಮ್ಮೋರು ಅಂತ ಬಿಡ್ಬೇಡ. ಡಿಸಿಪ್ಲಿನ್ ಬೇಕು. ನಾನೇ ವಾಕಿಂಗ್ ಬಂದಾಗ ನೋಡ್ತೀನಿ."

ನೋಡಿದರು. ಮಂಕಿ ಕ್ಯಾಪು, ಕೈಯಲ್ಲಿ ಟಾರ್ಚು, ಆರಕ್ಕೆ ಸರಿಯಾಗಿ ಟ್ಯಾಂಕಿನ ಹತ್ತಿರ. ಅವರೆದುರಿಗೆ ಗೋವಿಂದಮ್ಮ ಮತ್ತೆ ಗೈರು ಹಾಕಿದಳು. ಹನುಮಯ್ಯನಿಗೆ ಎರಡು ಸಲ. ಮಾರಮ್ಮನಿಗೆ ಒಂದು ಸಲ. ದುಡ್ಡು ಬಿಟ್ಟಿದ್ದಳು, ಪೆನ್ನು ಬಿಡಲು ಆಗಿರಲಿಲ್ಲ. ಬರೆಯುವಾಗ ತಲೆ ಎತ್ತುತ್ತಿರಲಿಲ್ಲ.

ನವೆಂಬರ್ ಕೊನೆಗೆ ಸಪ್ಪಲಮ್ಮನಿಗೆ ಹೆಣ್ಣು ಮಗು ಹುಟ್ಟಿತು. ತಿಂಗಳು ತುಂಬದ ಕೂಸು. ಹದಿನೆಂಟನೇ ದಿನಕ್ಕೆ ಅವಳು ಕೆಲಸಕ್ಕೆ ಬಂದಳು. ಹೊಟ್ಟೆಗೆ ಹಳೇ ಸೀರೆ ಬಿಗಿದು ಕಟ್ಟಿದ್ದಳು. ಕೂಸನ್ನು ಇನ್ನೊಂದು ಸೀರೆಯಲ್ಲಿ ಎದೆಗೆ ಕಟ್ಟಿಕೊಂಡಿದ್ದಳು. ಡಿಸೆಂಬರ್ ಇಬ್ಬನಿ. ದಾರಿಯಲ್ಲಿ ಎರಡು ಕಡೆ ಕೂತಿದ್ದಳು.

"ಗೋವಿಂದಮ್ಮ, ಟೈಮ್ ಎಷ್ಟು?" ಬದರಿನಾಥರು ಟಾರ್ಚನ್ನು ತಮ್ಮ ಕೈಗಡಿಯಾರದ ಮೇಲೆ ಬಿಟ್ಟು, ಅದನ್ನು ಅವಳ ಕಡೆ ತಿರುಗಿಸಿದರು.

"ಆರೂ ಹನ್ನೆರಡು ಸಾರ್."

"ಹಾಗಾದ್ರೆ?"

ಗೋವಿಂದಮ್ಮ ಬರೆದಳು. ಬರೆದು ಪುಸ್ತಕ ಮುಚ್ಚಿದಳು.

"ಗೈರು ಹಾಕಿದ್ಯಾ?"

"ಹಾಜರಿ ಹಾಕಿದ್ದೀನಿ."

"ಹೊಡೆದು ಹಾಕು ಅದನ್ನ."

"ಮನೆಗ್ ಕಳ್ಸಿದ್ರೆ ಗೈರು ಹಾಕ್ತೀನಿ ಸಾರ್. ಸಾಯಂಕಾಲದ ಗಂಟ ಗೆಯ್ಸ್ಕೊಂಡು ಗೈರು ಹಾಕಲ್ಲ."

ಪೊರಕೆ ಎತ್ತಿಕೊಂಡವರು ನಿಂತಲ್ಲೇ ನಿಂತರು. ಯಾರೂ ಬೀದಿಗೆ ಹೊರಟಿರಲಿಲ್ಲ.

"ನೋಡು," ಬದರಿನಾಥರು ಸಮಾಧಾನದಲ್ಲೇ ಹೇಳಿದರು. "ನಿನ್ನ ಮೇಸ್ತ್ರಿ ಮಾಡಿರೋದು ಯಾರು ಅನ್ನೋದನ್ನ ಮರೀಬೇಡ."

"ಮರ್ತಿಲ್ಲ. ಮೇಸ್ತ್ರಿ ಕೆಲ್ಸಕ್ಕೆ ಎಷ್ಟು ಸಾರ್?"

"ಏನು ಎಷ್ಟು?"

"ಸಂಬ್ಳ ಎಷ್ಟು?"

ಮಾತು ಬಾಯಿಂದ ಬಿದ್ದಮೇಲೆ ಅವಳು ಮುಖ ತಿರುಗಿಸಲಿಲ್ಲ.

"ಪ್ರಮೋಷನ್ ಅಂದ್ರೆ ಬರೀ ದುಡ್ಡಲ್ಲಮ್ಮ. ಅದು ಗೌರವ. ರೆಸ್ಪಾನ್ಸಿಬಿಲಿಟಿ. ನಿಮ್ಮ ಜನಕ್ಕೂ ಒಂದು ಸ್ಥಾನ ಸಿಗ್ಲಿ ಅಂತ ನಾನು ಕಮಿಟೀಲಿ ಎಷ್ಟು ವಾದ ಮಾಡ್ದೆ ಗೊತ್ತಾ? ನೀನು ಇದನ್ನ ಕೂಲಿ ಥರ ಕೇಳ್ತೀಯಲ್ಲ."

"ನಾನು ಕೂಲಿಯೋಳೇ ಅಲ್ವಾ ಸಾರ್? ನೀವು ಗುಮಾಸ್ತರಿಂದ ಸೂಪರಿಂಟೆಂಡೆಂಟ್ ಆದ್ರಲ್ಲ. ನಿಮ್ಗೂ ಬರೀ ಹಾರ ಕೊಟ್ರಾ?"

ಮಾರಮ್ಮ ಕಿಸಕ್ಕೆಂದಳು.

"ಬಾಯಿ ಜಾಸ್ತಿ ಆಯ್ತು ನಿಂದು." ಬದರಿನಾಥರ ದನಿ ಮೊದಲ ಸಲ ಏರಿತು. "ಪುಸ್ತಕ ಕೊಡು ಇಲ್ಲಿ. ಪೆನ್ನು ಕೊಡು. ಇವತ್ತಿಂದ ನೀನು ಮೇಸ್ತ್ರಿ ಅಲ್ಲ. ಕೆಲಸಕ್ಕೂ ಬರಬೇಡ. ಮಾರಮ್ಮ, ಸೀಟಿ ಇಸ್ಕೊ. ನೀನು ಹಿರಿಯಳು. ಬರೆಯೋದನ್ನ ನಾನು ನೋಡ್ಕೋತೀನಿ."

ಮಾರಮ್ಮ ಎಲೆಅಡಿಕೆ ರಸವನ್ನು ಚರಂಡಿಗೆ ಉಗಿದು ಬಾಯಿ ಒರೆಸಿಕೊಂಡಳು.

"ಎಷ್ಟು ಕೊಡ್ತೀರ ಬುದ್ಧಿ?"

"ಹನುಮಯ್ಯ?" ಬದರಿನಾಥರು ಅವನ ಕಡೆ ತಿರುಗಿದರು.

ಹನುಮಯ್ಯ ಬಹಳ ಹೊತ್ತು ಕಾಲಬೆರಳು ನೋಡಿಕೊಂಡ. ಅವನಿಗೆ ಐದು ಮಕ್ಕಳು. ಗಾಜು ಕುಯ್ದ ಅಂಗಾಲಿಗೆ ಬಟ್ಟೆ ಸುತ್ತಿಕೊಂಡಿದ್ದ. ಅವನು ಒಪ್ಪಿಕೊಳ್ಳುತ್ತಾನೆ ಎಂದೇ ಗೋವಿಂದಮ್ಮ ಅಂದುಕೊಂಡಳು. ಒಪ್ಪಿಕೊಂಡರೆ ಬೈಯಬಾರದು ಎಂದೂ ಅಂದುಕೊಂಡಳು.

"ಅಕ್ಕನ್ನ ತಗದ್ರೆ ನಾನು ಬರಕಿಲ್ಲ ಸಾರ್," ಎಂದ ಹನುಮಯ್ಯ. ಅಷ್ಟು ಹೇಳಲು ಅವನಿಗೆ ಬೆವರು ಬಂತು.

ಹಿಂದಿನ ದಿನವೇ ನಾಲ್ಕು ಬೀದಿಗಳ ಹೂಳು ಎತ್ತಿ ಗೇಟುಗಳ ಪಕ್ಕ ಗುಡ್ಡೆ ಹಾಕಿದ್ದರು. ಅವತ್ತು ಹೊರಬೇಕಾಗಿತ್ತು. ಹನ್ನೊಂದೂ ಜನ ಮಂಕರಿಗಳನ್ನು ಟ್ಯಾಂಕಿನ ಹತ್ತಿರ ಕವುಚಿ ಹಾಕಿ ಕಾಲೋನಿಯ ದಾರಿ ಹಿಡಿದರು. ಸಪ್ಪಲಮ್ಮನ ಕೂಸನ್ನು ಗೋವಿಂದಮ್ಮ ಎತ್ತಿಕೊಂಡಳು. ದಾರಿಯಲ್ಲಿ ಸಪ್ಪಲಮ್ಮ ಒಂದೇ ಮಾತು ಆಡಿದಳು.

"ಅವತ್ತು ಆರೂ ಎಂಟಕ್ಕೇ ಗೈರು ಹಾಕಿದ್ದೆ ನಂಗೆ."

"ಹಾಕಿದ್ದೆ," ಎಂದಳು ಗೋವಿಂದಮ್ಮ.

ಇಬ್ಬರೂ ನಡೆದರು.

ಮೊದಲ ದಿನ ಬಡಾವಣೆಯವರು ಕಿಟಕಿ ಮುಚ್ಚಿಕೊಂಡರು. ಎರಡನೆಯ ದಿನ ಮಳೆ ಬಂದು ಗುಡ್ಡೆಗಳು ಕರಗಿ ಗೇಟುಗಳ ಒಳಗೆ ಹರಿದವು. ಮೂರನೆಯ ದಿನ ಹುಳಿಮಾವಿನಿಂದ ನಾಲ್ಕು ಜನರನ್ನು ಕರೆಸಿದರು. ಆ ನಾಲ್ವರು ವಾಸನೆ ನೋಡಿ ದುಪ್ಪಟ್ಟು ಕೂಲಿ ಕೇಳಿದರು, ಕೊಡದಿದ್ದಾಗ ತಿರುಗಿ ಹೋದರು. ಕಾಲೋನಿಯಲ್ಲಿ ಆ ಮೂರು ದಿನ ಒಲೆ ಹೊತ್ತಿದ್ದು ಕಡಿಮೆ. ಮಾರಮ್ಮ ಒಂದು ಹಿಡಿ ರಾಗಿಹಿಟ್ಟಿನಲ್ಲಿ ಎರಡು ಮನೆಗೆ ಅಂಬಲಿ ಕಾಸಿದಳು. ಹನುಮಯ್ಯನ ಹೆಂಡತಿ ಗೋವಿಂದಮ್ಮನ ಬಾಗಿಲಲ್ಲಿ ನಿಂತು ಮಣ್ಣು ತೂರಿ ಶಪಿಸಿದಳು. ಗೋವಿಂದಮ್ಮ ಒಳಗಿಂದ ಕೇಳಿಸಿಕೊಂಡಳು.

ನಾಲ್ಕನೆಯ ದಿನ ಚಿಕ್ಕಬೈರಪ್ಪ ಕುಂಟುತ್ತಾ ಬಂದು ಕಾಲೋನಿಯ ಹೊರಗೆ ನಿಂತು ಕೂಗಿದ. ಎಲ್ಲರೂ ಬರಬಹುದು. ಗೋವಿಂದಮ್ಮನೂ ಬರಬಹುದು, ಪೊರಕೆ ಕೆಲಸಕ್ಕೆ. ಕೆಲಸ ಮಾಡಿದವರಿಗೆ ಗೈರು ಹಾಕುವುದಿಲ್ಲ. ಮೇಸ್ತ್ರಿಯಾಗಿ ತನ್ನ ಅಣ್ಣನ ಮಗನನ್ನು ಹಾಕಿದ್ದಾರೆ.

"ಗೆದ್ವಿ ಕಣಮ್ಮಿ," ಎಂದಳು ಮಾರಮ್ಮ. ಗೋವಿಂದಮ್ಮನಿಗೂ ಹಾಗೇ ಅನ್ನಿಸಿತು. ಮೇಸ್ತ್ರಿಗಿರಿ ಅವಳಿಗೆ ಬೇಕಿರಲಿಲ್ಲ. ಮಾರನೆಯ ಬೆಳಿಗ್ಗೆ ನಾಲ್ಕು ದಿನದ ಹೂಳು ಹೊತ್ತರು. ಹುಳ ಬಿದ್ದಿತ್ತು.

ಹೊಸ ಮೇಸ್ತ್ರಿಗೆ ಇಪ್ಪತ್ತಾರು ವರ್ಷ. ಲೂನಾದಲ್ಲಿ ಬಂದ. ಕೈಗೆ ಹೊಸ ವಾಚು. ಕೆಟ್ಟವನಲ್ಲ. ಹಾಜರಿಯಲ್ಲಿ ಹೆಸರು ಬರೆಯಲು ತಡವರಿಸಿದಾಗ ಗೋವಿಂದಮ್ಮನನ್ನೇ ಕೇಳಿದ. ಅವನಿಗೆ ಬೀದಿ ಗುಡಿಸುವ ಕೆಲಸವಿರಲಿಲ್ಲ. ಬುತ್ತಿಯ ಹೊತ್ತಿನಲ್ಲಿ ಲೂನಾದ ಮೇಲೆ ಕೂತು ಸಿಗರೇಟು ಹಚ್ಚಿದ.

"ನಿಂಗೆ ಎಷ್ಟು ಕೊಡ್ತಾರಪ್ಪ?" ಎಂದು ಗೋವಿಂದಮ್ಮ ಕೇಳಿದಳು. ಈಗ ಅವಳಿಗೆ ಆ ಮಾತು ಸಲೀಸಾಗಿ ಬರುತ್ತಿತ್ತು.

"ದಿನಕ್ಕೆ ಏಳು. ಮೇಲೆ ತಿಂಗ್ಳಿಗೆ ಅರವತ್ತು, ಮೇಸ್ತ್ರಿ ಭತ್ಯ ಅಂತ."

"ಈಗ ಹೊಸದಾಗಿ ಮಾಡಿದ್ರಾ?"

"ಹೊಸದೇನ್ ಬಂತಕ್ಕ? ನಮ್ ಚಿಕ್ಕಪ್ಪಂಗೂ ಅರವತ್ತೇ ಇತ್ತಲ್ಲ, ಮೊದ್ಲಿಂದ. ಒಳಗ್ ಕರ್ದು ಕೊಡ್ತಿದ್ರು. ಯಾಕೆ, ನಿಮ್ಗೆ..." ಅವನು ಮಾತು ನಿಲ್ಲಿಸಿದ. ಸಿಗರೇಟನ್ನು ಬೇರೆ ಕೈಗೆ ತೆಗೆದುಕೊಂಡ.

ಗೋವಿಂದಮ್ಮ ಬುತ್ತಿಯ ಗಂಟು ಕಟ್ಟಿದಳು. ಎದ್ದಳು. ಮಾರಮ್ಮ, "ಎಲ್ಲಿಗಮ್ಮಿ?" ಎಂದಳು. ಗೋವಿಂದಮ್ಮ ಆಗಲೇ ನಡೆದಿದ್ದಳು.

ಸಂಘದ ಕಚೇರಿಯ ಗೇಟು ತೆಗೆದಿತ್ತು. ಎರಡು ಮೆಟ್ಟಿಲು. ಕೆಂಪು ಗಾರೆ ನೆಲ, ಆಗಷ್ಟೇ ಒರೆಸಿದ್ದು. ಮಂಡಿಯವರೆಗೆ ಹೂಳು ಅಂಟಿದ ಕಾಲಲ್ಲಿ ಅವಳು ಒಳಗೆ ಹೋದಳು. ಗೋಡೆಯ ಪಕ್ಕ ಸದಸ್ಯರು ಕೂರುವ ಉದ್ದನೆಯ ಬೆಂಚಿತ್ತು. ಕೂತಳು.

ಬದರಿನಾಥರು ಕನ್ನಡಕದ ಮೇಲಿಂದ ನೋಡಿದರು. ಅವಳ ಕಾಲು ನೋಡಿದರು. ನೆಲ ನೋಡಿದರು.

"ಎದ್ದೇಳು. ಏನಿದು?"

"ಮೇಸ್ತ್ರಿ ಕೆಲ್ಸಕ್ಕೆ ಅರವತ್ತು ಇತ್ತು. ಹನ್ನೊಂದು ತಿಂಗ್ಳು ಆ ಕೆಲ್ಸ ಮಾಡಿದ್ದು ನಾನು."

"ಯಾರು ಹೇಳಿದ್ದು ನಿಂಗೆ?"

"ಇತ್ತಾ ಇಲ್ವಾ ಹೇಳಿ."

"ಅದು ಬೇರೆ ವಿಷಯ. ಅವನಿಗೆ ಎಕ್ಸ್‌ಪೀರಿಯೆನ್ಸ್ ಇತ್ತು, ಸಂಸಾರ ಇತ್ತು..."

"ನಂಗ್ ಸಂಸಾರ ಇಲ್ವಾ? ನನ್ ಗಂಡ ಸತ್ತ, ಹೊಟ್ಟೆ ಸತ್ತಿಲ್ಲ. ಅವನಿಗೆ ಅರವತ್ತು ಕೊಟ್ಟು, ಅದ್ರ ಮೇಲೆ ನಮ್ಮ ಕೈಲೂ ಕೀಳಕ್ಕೆ ಬಿಟ್ರಿ. ನಂಗೆ ಏನೂ ಕೊಡ್ದೆ, ನಮ್ಮೋರ್ನ ನನ್ ಕೈಲೇ ಕೀಳ್ಸಿದ್ರಿ. ನಾನು ಕಿತ್ತೆ ಸಾರ್. ಹದಿನೆಂಟ್ ದಿನದ ಬಾಣಂತಿ ಗೈಮೇನೂ ಕೀಳು ಅಂದ್ರಿ. ಗೌರವ ಅಂತ ಕರದ್ರಲ್ಲ, ಇದನ್ನಾ?"

"ಎದ್ದೇಳು ಅಂದೆ. ಪೊಲೀಸರನ್ನ ಕರೀಬೇಕಾಗುತ್ತೆ."

"ಕರೀರಿ. ಅವರ ಮುಂದೇನೂ ಇದೇ ಕೇಳ್ತೀನಿ."

ಬದರಿನಾಥರು ಎದ್ದು ಕಿಟಕಿ ಮುಚ್ಚಿದರು. ದನಿ ಇಳಿಸಿದರು. ಜೇಬಿನಿಂದ ನೂರರ ನೋಟು ತೆಗೆದು ಮೇಜಿನ ಅಂಚಿಗೆ ಇಟ್ಟು, ಬೆರಳ ತುದಿಯಲ್ಲಿ ಅವಳ ಕಡೆ ಸರಿಸಿದರು.

"ಹೊರಗೆ ಅವರಿಗೆಲ್ಲ ಹೇಳೋದು ಬೇಡ. ಇದು ನನ್ನ ಕೈಯಿಂದ. ಇನ್ನೂ ಎಷ್ಟು ಬೇಕು ನಿಂಗೆ? ಹೇಳು."

"ನಂಗೆ ಕೊಡ್ಬೇಡಿ," ಎಂದಳು ಗೋವಿಂದಮ್ಮ. "ಆ ಕೆಲ್ಸಕ್ಕೆ ಕೊಡಿ. ಆ ಕಿಟಕಿ ತೆಗೀರಿ. ಹೆಸ್ರು ಕರೀರಿ. ಇಷ್ಟು ತಿಂಗ್ಳ ಮೇಸ್ತ್ರಿ ಸಂಬ್ಳ ಅಂತ ಎಲ್ರಿಗೂ ಕೇಳೋ ಅಂಗೆ ಹೇಳಿ ಕೊಡಿ. ಅಲ್ಲೀಗಂಟ ನಾನು ಏಳಲ್ಲ."

ನೋಟು ಮೇಜಿನ ಅಂಚಿನಲ್ಲೇ ಇತ್ತು.

ಬದರಿನಾಥರು ಬಾಗಿಲ ಕಡೆ ನೋಡಿದರು. ಮಾರಮ್ಮ ಮೆಟ್ಟಿಲ ಮೇಲೆ ನಿಂತಿದ್ದಳು. ಅವಳ ಹಿಂದೆ ಕೂಸನ್ನು ಎದೆಗೆ ಕಟ್ಟಿಕೊಂಡು ಸಪ್ಪಲಮ್ಮ, ಅವಳ ಹಿಂದೆ ಕುಂಟುತ್ತಾ ಹನುಮಯ್ಯ. ಮಾರಮ್ಮ ಒಳಗೆ ಕಾಲಿಟ್ಟಳು. ಇನ್ನೊಂದು ಕಾಲೂ ಇಟ್ಟಳು. ಕೆಂಪು ನೆಲದ ಮೇಲೆ ಎರಡು ಕರಿ ಹೆಜ್ಜೆ ಮೂಡಿದವು. ಅವಳು ಅವುಗಳನ್ನು ನೋಡಲಿಲ್ಲ, ಬದರಿನಾಥರನ್ನೂ ನೋಡಲಿಲ್ಲ. ನೆಟ್ಟಗೆ ಬೆಂಚಿನ ಹತ್ತಿರ ಬಂದಳು.

"ಒಸಿ ಸರ್ಕೊಳಮ್ಮಿ," ಎಂದಳು.

ಗೋವಿಂದಮ್ಮ ಸರಿದು ಕೂತಳು.